ನಾಲ್ಕನೆಯ ನಂಬರಿನ ಹಸಿರು ಸೈಕಲ್ಲು

ನಾನು ನಿಂತಿದ್ದದ್ದು ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಮೂರನೆಯ ಕಂಬದ ಪಕ್ಕದಲ್ಲಿ, ಗೇಟಿಗೆ ಬೆನ್ನು ಹಾಕಿ. ಎಪ್ಪತ್ತೊಂಬತ್ತನೆಯ ಇಸವಿ, ದಸರಾ ರಜೆ ಮುಗಿದು ಕಾಲೇಜು ಮತ್ತೆ ತೆರೆದ ವಾರದ ಗುರುವಾರ. ಹೊತ್ತು ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ನನ್ನ ಕೈಯಲ್ಲಿ ಗಡಿಯಾರವಿರಲಿಲ್ಲ. ಆದರೆ ನಾಲ್ಕೂ ಕಾಲಿಗೆ ಕೊನೆಯ ಗಂಟೆ ಹೊಡೆದಿತ್ತು, ಯಲಹಂಕದ ಕಡೆ ಹೋಗುವ ನಾಲ್ಕು ಇಪ್ಪತ್ತೈದರ ಬಸ್ಸು ಇನ್ನೂ ಗೇಟಿನ ಮುಂದೆ ಬಂದಿರಲಿಲ್ಲ. ಬಿಸಿಲು ನನ್ನ ಎಡಗಡೆಯಿಂದ ಬೀಳುತ್ತಿತ್ತು. ಲೇಡೀಸ್ ಸೈಕಲ್ಲುಗಳ ಸಾಲು ನನ್ನಿಂದ ಹೆಚ್ಚೆಂದರೆ ಎಂಟು ಹೆಜ್ಜೆ ದೂರ. ನಡುವೆ ಯಾರೂ ಅಡ್ಡ ಇರಲಿಲ್ಲ.

ಇಷ್ಟು ವಿವರ ಯಾಕೆಂದರೆ, ಆ ದಿನ ನಾನು ಕಂಡದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಹೆದರಿಸುವ ಸಂಗತಿ.

ಕಾಲೇಜು ಬಳ್ಳಾರಿ ರಸ್ತೆಯಲ್ಲಿ, ಹೆಬ್ಬಾಳ ದಾಟಿದ ಮೇಲೆ ಇತ್ತು. ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಯಶವಂತಪುರದಿಂದ ಬರುತ್ತಿದ್ದೆ. ಆ ವರ್ಷ ಬೇಸಿಗೆಯಲ್ಲಿ ನಮ್ಮ ಕಾಲೇಜಿನ ಹುಡುಗನೊಬ್ಬ ಮೊಪೆಡ್ ಮೇಲೆ ಬರುವಾಗ ಹೆಬ್ಬಾಳದ ರೈಲ್ವೆ ಗೇಟಿನ ಹತ್ತಿರ ಲಾರಿಗೆ ಸಿಕ್ಕಿ ಕಾಲು ಮುರಿದುಕೊಂಡಿದ್ದ. ಪೆಟ್ರೋಲಿನ ಬೆಲೆಯೂ ಏರಿತ್ತು. ಜುಲೈಯಲ್ಲಿ ಪ್ರಿನ್ಸಿಪಾಲರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಹೇಳಿದರು: ಇನ್ನು ಮೇಲೆ ಮೊಪೆಡ್, ಸ್ಕೂಟರು, ಮೋಟಾರ್ ಬೈಕು ಗೇಟಿನ ಒಳಗೆ ಬರುವ ಹಾಗಿಲ್ಲ. ಬದಲಿಗೆ ಅರವತ್ತು ಜನಕ್ಕೆ ಕಾಲೇಜು ನಡೆಸುವ ಟ್ರಸ್ಟಿನಿಂದ ಹೊಸ ಸೈಕಲ್ಲು, ಪುಕ್ಕಟೆ. ಓದು ಮುಗಿಯುವ ತನಕ ಓಡಿಸಬಹುದು, ಮುಗಿದ ಮೇಲೆ ಸೈಕಲ್ಲು ಓಡಿಸಿದವರದೇ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದು ಪುಕ್ಕಟೆ ಎಂಬ ಮಾತಿಗೆ ಜನ ಬೆಚ್ಚುತ್ತಿದ್ದ ಕಾಲ. ತುರ್ತು ಪರಿಸ್ಥಿತಿ ಮುಗಿದು ಎರಡೇ ವರ್ಷವಾಗಿತ್ತು. ನಮ್ಮ ವಠಾರದ ಒಬ್ಬರು ಟ್ರಾನ್ಸಿಸ್ಟರು ಪುಕ್ಕಟೆ ಸಿಕ್ಕಿತೆಂದು ತಂದು, ಅದಕ್ಕಾಗಿ ಯಾವ ಆಪರೇಷನ್ ಮಾಡಿಸಿಕೊಂಡರೆಂದು ಹೆಂಡತಿಗೂ ಹೇಳದೆ ಒಂದು ತಿಂಗಳು ಮೌನವಾಗಿದ್ದರು. ಅಂಥದನ್ನು ಕಂಡವರಿಗೆ ಸೈಕಲ್ಲಿನ ಹಿಂದೆ ಏನಿದೆ ಎಂದು ಯೋಚನೆ ಬಾರದೆ ಇರಲಿಲ್ಲ. ಸಹಿ ಹಾಕಿದವರು ಓದು ಮುಗಿದ ಮೇಲೆ ಟ್ರಸ್ಟಿನ ಕೆಲಸ ಮಾಡಬೇಕಂತೆ ಎಂದರು ಕೆಲವರು. ಫೋಟೊ ತೆಗೆಸಿ ಪತ್ರಿಕೆಗೆ ಕೊಟ್ಟ ಮೇಲೆ ವಾಪಸು ಕಿತ್ತುಕೊಳ್ಳುತ್ತಾರೆ ಎಂದರು ಇನ್ನು ಕೆಲವರು. ನನ್ನ ಪಕ್ಕ ಕೂರುತ್ತಿದ್ದವನು ಮಾತ್ರ, "ಮಗಾ, ನೋಡ್ತಾ ಇರು. ಮೊದ್ಲು ಸೈಕಲ್ ಕೊಡ್ತಾರೆ, ಆಮೇಲೆ ಕಾಲೇಜ್ ಬಸ್ ನಿಲ್ಲಿಸ್ತಾರೆ" ಅಂದಿದ್ದ.

ನಮ್ಮಪ್ಪ ಗದಗಿನ ಕಡೆಯವರು, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಸೈಕಲ್ಲನ್ನು ಮನೆಗೆ ತಂದ ದಿನ ಅದರ ಸುತ್ತ ಎರಡು ಸುತ್ತು ಬಂದು, ಬೆಲ್ ಕೂಡ ಹೊಡೆಯದೆ ಕೇಳಿದರು: "ಪುಕ್ಕಟ ಕೊಟ್ಟಾರಂದ್ರ ಯಾಕ ಕೊಟ್ಟಾರಂತ ಕೇಳಿದೇನು? ಸಹಿ ಮಾಡೂ ಮೊದ್ಲ ಕಾಗದ ಓದಿದೇನು?" ನಾನು ಓದಿರಲಿಲ್ಲ.

ಅರವತ್ತರಲ್ಲಿ ಐವತ್ತು ಜೆಂಟ್ಸ್ ಸೈಕಲ್ಲು, ಹತ್ತು ಲೇಡೀಸ್. ಬಂದಾಗ ಕಪ್ಪಗಿದ್ದವಕ್ಕೆ ಕಾಲೇಜಿನವರು ಒಂದೇ ಹಸಿರು ಬಣ್ಣ ಬಳಿಸಿದರು, ಮಾರಿಕೊಳ್ಳಲು ಆಗದಿರಲೆಂದು. ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಬಿಳಿ ಪಟ್ಟಿ ಇರುತ್ತದಲ್ಲ, ಅದರ ಮೇಲೆ ಕಪ್ಪಕ್ಷರದಲ್ಲಿ ನಂಬರು ಬರೆಸಿದರು. ನನ್ನದು ಮೂವತ್ತೊಂದು. ಪ್ರತಿ ಬೀಗಕ್ಕೆ ಎರಡು ಬೀಗದ ಕೈ ಕೊಟ್ಟರು. ನನ್ನ ಅಕ್ಷರ ದುಂಡಗಿದ್ದದ್ದರಿಂದ ಸಂಜೆ ಯಾವ ನಂಬರನ್ನು ಯಾರು ತೆಗೆದುಕೊಂಡು ಹೋದರೆಂದು ಒಂದು ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಹೆಡ್ ಕ್ಲರ್ಕ್ ನನಗೆ ವಹಿಸಿದರು. ಆಗಸ್ಟಿನಲ್ಲಿ ಎರಡು ಜೆಂಟ್ಸ್ ಸೈಕಲ್ಲು ಕಾಣೆಯಾದವು. ಶಿವಾಜಿನಗರದ ಗುಜರಿಗೆ ಹೋದರೆ ಹಸಿರು ಸೈಕಲ್ಲು ಒಂದೇ ದಿನದಲ್ಲಿ ಕಪ್ಪಾಗುತ್ತದೆ ಎಂದು ಮಾತು ಹುಟ್ಟಿತು. ಅಲ್ಲಿಂದ ಮುಂದೆ ಎಲ್ಲರೂ ಎಲ್ಲರ ಸೈಕಲ್ಲನ್ನೂ ನೋಡತೊಡಗಿದೆವು. ನಾನು ಎಲ್ಲರಿಗಿಂತ ಚೆನ್ನಾಗಿ ನೋಡುತ್ತೇನೆ ಎಂದು ನನಗೆ ಹೆಮ್ಮೆಯಿತ್ತು.

ಏಳನೆಯ ನಂಬರಿನವಳು ಆರ್.ಟಿ. ನಗರದಿಂದ ಬರುತ್ತಿದ್ದಳು. ಅವಳ ತಂದೆಯದು ಅಲ್ಲೇ ಸಣ್ಣ ಟೈಲರಿಂಗ್ ಅಂಗಡಿ. ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ. ಅವರ ಬೀದಿಯಲ್ಲಿ ಪಿ.ಯು.ಸಿ. ದಾಟಿದ ಮೊದಲ ಹುಡುಗಿ ಅವಳು ಎಂದು ಅವಳ ಗೆಳತಿ ಹೇಳುತ್ತಿದ್ದಳು. ಬಸ್ಸು ಕಾಯುತ್ತಾ ನಿಂತರೆ ಮನೆ ಮುಟ್ಟುವಾಗ ಕತ್ತಲಾಗುತ್ತದೆ ಎಂದು ತಂದೆ ಕಾಲೇಜು ಬಿಡಿಸುವವರಿದ್ದರು. ಸೈಕಲ್ಲು ಸಿಕ್ಕಿದ್ದರಿಂದ ಒಪ್ಪಿದ್ದರು. ಮೊದಲ ವಾರದಲ್ಲೇ ಅವಳು ಗಂಗಾನಗರದ ಇಳಿಜಾರಿನಲ್ಲಿ ಬಿದ್ದು ಸೈಕಲ್ಲಿನ ಮುಂದಿನ ಫೋರ್ಕು ಬಾಗಿತ್ತು. ಲೇತ್ ವರ್ಕ್‌ಷಾಪಿನಲ್ಲಿದ್ದ ಅಣ್ಣ ಅದನ್ನು ಬಿಸಿ ಮಾಡಿ ನೆಟ್ಟಗೆ ಮಾಡಿಕೊಟ್ಟಿದ್ದ.

ದಸರಾ ರಜೆಯಲ್ಲಿ ಎಲ್ಲ ಸೈಕಲ್ಲುಗಳನ್ನೂ ಯಲಹಂಕದ ಒಂದು ಸೈಕಲ್ ಶಾಪಿಗೆ ಓವರಾಯಿಲಿಂಗಿಗೆ ಕಳಿಸಿದರು. ಬೀಗದ ಕೈ ಒಂದನ್ನು ಸೈಕಲ್ಲಿನಲ್ಲೇ ಬಿಟ್ಟು ಒಪ್ಪಿಸಬೇಕಿತ್ತು. ರಜೆ ಮುಗಿದು ಬಂದಾಗ ಸೈಕಲ್ಲುಗಳು ಸಾಲಾಗಿ ಹೊಳೆಯುತ್ತಾ ನಿಂತಿದ್ದವು, ಬೀಗದ ಕೈ ಬೀಗದಲ್ಲೇ ನೇತಾಡುತ್ತಿತ್ತು. ನಂಬರು ನೋಡಿಕೊಂಡು ಅವರವರದನ್ನು ಅವರವರು ತೆಗೆದುಕೊಂಡೆವು.

ಮಂಗಳವಾರ ಸಂಜೆ ಅವಳು ಏಳನೆಯ ನಂಬರನ್ನು ತಳ್ಳಿಕೊಂಡು ನನ್ನ ಹತ್ತಿರ ಬಂದಳು.

"ಇದು ನಂದಲ್ಲ ಅನ್ಸುತ್ತೆ. ಬಿದ್ದ ಮೇಲೆ ನಂದು ಬ್ರೇಕ್ ಹಿಡಿದ್ರೆ ಎಡಕ್ಕೆ ಎಳೀತಿತ್ತು. ಇದು ನೆಟ್ಟಗೆ ಹೋಗುತ್ತೆ."

"ನೆಟ್ಟಗೆ ಹೋದ್ರೆ ಒಳ್ಳೇದೇ ಅಲ್ವಾ?" ಅಂದೆ. ಸುತ್ತ ನಿಂತವರು ನಕ್ಕರು. ಅವಳು ನಗಲಿಲ್ಲ. ಹೆಡ್ ಕ್ಲರ್ಕ್ ಹತ್ತಿರವೂ ಹೋಗಿ ಕೇಳಿದಳಂತೆ. ಏಳು ಅಂತ ಬರೆದಿದೆಯಲ್ಲಮ್ಮ, ನಿನ್ನದೇ, ಹೋಗು ಎಂದು ಅವರು ಕಳಿಸಿದರಂತೆ.

ಎರಡು ದಿನ ಕಳೆದು, ಗುರುವಾರ ನಾಲ್ಕು ಇಪ್ಪತ್ತಕ್ಕೆ, ಮೂರನೆಯ ಕಂಬದ ಪಕ್ಕದಿಂದ ನಾನು ಕಂಡದ್ದು ಇದು. ಅವಳು ಒಬ್ಬಳೇ ಬಂದಳು. ಲೇಡೀಸ್ ಸೈಕಲ್ಲುಗಳ ಸಾಲಿನ ಮುಂದೆ ನಿಂತಳು. ಅತ್ತಿತ್ತ ನೋಡಿದಳು. ಏಳನೆಯದನ್ನು ಮುಟ್ಟಲಿಲ್ಲ. ನಾಲ್ಕನೆಯ ನಂಬರಿನ ಹತ್ತಿರ ಬಗ್ಗಿದಳು, ಚೀಲದಿಂದ ಒಂದು ಬೀಗದ ಕೈ ತೆಗೆದಳು, ಹಾಕಿದಳು. ಬೀಗ ತೆರೆಯಿತು. ಹತ್ತಿ ಗೇಟಿನ ಕಡೆಗೆ ಹೋದಳು. ನಾನು ಕೂಗಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡೆ.

ನಾಲ್ಕನೆಯ ನಂಬರು ಯಲಹಂಕದ ಹುಡುಗಿಯದು. ಮನೆಯಲ್ಲಿ ಮೊಪೆಡ್ ಇದ್ದೂ ಬಿಟ್ಟು ಸೈಕಲ್ಲಿಗೆ ಒಪ್ಪಿದವಳೆಂದು ಪ್ರಿನ್ಸಿಪಾಲರು ಅವಳನ್ನು ಎಲ್ಲರ ಮುಂದೆ ಹೊಗಳಿದ್ದರು. ಲ್ಯಾಬ್ ಮುಗಿಸಿ ಐದು ಗಂಟೆಗೆ ಬಂದು ನೋಡಿದರೆ ಸೈಕಲ್ಲಿಲ್ಲ. ನನ್ನ ಪುಸ್ತಕ ಕೇಳಿದಳು. ನಾನು ತೋರಿಸಿದೆ. ಅವಳು ಹೆಡ್ ಕ್ಲರ್ಕಿಗೆ ತೋರಿಸಿದಳು. ನಾಳೆ ಬೆಳಿಗ್ಗೆ ಕೇಳಿದರಾಯಿತು ಎಂದರು ಅವರು.

ಮರುದಿನ ಬೆಳಿಗ್ಗೆ ಆರ್.ಟಿ. ನಗರದವಳು ಬರಲಿಲ್ಲ. ಶನಿವಾರವೂ ಬರಲಿಲ್ಲ. ಅವಳಿಗೆ ಜ್ವರ ಬಂದಿತ್ತು. ಅದು ನಮಗೆ ಗೊತ್ತಿರಲಿಲ್ಲ. ಎರಡು ದಿನದಲ್ಲಿ ಕಾಲೇಜಿನಲ್ಲಿ ಎಷ್ಟು ಮಾತು ಬೆಳೆಯಿತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳ ಅಣ್ಣ ವರ್ಕ್‌ಷಾಪಿನಲ್ಲಿರುವುದು ಅದುವರೆಗೆ ಯಾರಿಗೂ ಒಂದು ವಿಷಯವೇ ಆಗಿರಲಿಲ್ಲ. ಈಗ ಅದೇ ದೊಡ್ಡ ವಿಷಯವಾಯಿತು. ಬೀಗದ ಕೈ ಮಾಡಿಕೊಟ್ಟವನು ಅವನೇ, ಆಗಸ್ಟಿನ ಎರಡು ಸೈಕಲ್ಲೂ ಅಲ್ಲಿಗೇ ಹೋಗಿರಬೇಕು, ಆ ಜನವೇ ಹಾಗೆ. ಕೊನೆಯ ಮಾತನ್ನು ದನಿ ತಗ್ಗಿಸಿ ಆಡುತ್ತಿದ್ದರು. ನನ್ನ ಹತ್ತಿರ ಬಂದು ಕೇಳುವವರೂ ಬಹಳ. "ಗುರು, ನೀನ್ ನೋಡ್ದೆ ತಾನೆ? ಹೆಂಗೆ ತೆಗೆದ್ಲು?" ಕೇಳಿದಷ್ಟು ಸಲವೂ ಹೇಳಿದೆ. ಮೂರನೆಯ ಸಲ ಹೇಳುವಾಗ, "ಅತ್ತಿತ್ತ ನೋಡಿ" ಎಂಬ ಮಾತಿನ ಮೇಲೆ ಸ್ವಲ್ಪ ಭಾರ ಹಾಕಿದೆ ಎಂದು ನೆನಪಿದೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ತಂದೆಯ ಜೊತೆ ಬಂದಳು. ಕಾಲೇಜಿನ ಜವಾನ ಭಾನುವಾರ ಮನೆಗೆ ಹೋಗಿ ಕರೆದು ಬಂದಿದ್ದ. ತಂದೆ ನಾಲ್ಕನೆಯ ನಂಬರಿನ ಸೈಕಲ್ಲನ್ನು ಆರ್.ಟಿ. ನಗರದಿಂದ ತಳ್ಳಿಕೊಂಡೇ ಬಂದಿದ್ದರು, ಹತ್ತಿರಲಿಲ್ಲ. ಬೆವರಿನಿಂದ ಅವರ ಬಿಳಿ ಟೋಪಿಯ ಅಂಚು ಒದ್ದೆಯಾಗಿತ್ತು. ಪ್ರಿನ್ಸಿಪಾಲರ ಕೋಣೆಯಲ್ಲಿ ಪ್ರಿನ್ಸಿಪಾಲರು, ಹೆಡ್ ಕ್ಲರ್ಕು, ಯಲಹಂಕದ ಹುಡುಗಿ, ನಾನು. ಕುರ್ಚಿ ತೋರಿಸಿದರೂ ಅವಳ ತಂದೆ ಕೂರಲಿಲ್ಲ.

ಹೆಡ್ ಕ್ಲರ್ಕ್ ನನ್ನನ್ನು ಕೇಳಿದರು, ಯಾವ ನಂಬರು ಕಂಡೆ? ನಾಲ್ಕು. ಅವಳಿಗೆ ಕೊಟ್ಟದ್ದು? ಏಳು. ಸಂಶಯವಿದೆಯೇ? ಇಲ್ಲ.

ಅವಳು ಚೀಲದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. "ಸಾರ್, ಇದು ಜುಲೈನಲ್ಲಿ ನೀವೇ ಕೊಟ್ಟ ಎರಡನೇ ಕೀ. ಮನೇಲಿತ್ತು. ನನ್ನ ಸೈಕಲ್ ಇದೇ. ಕಣ್ಣು ಮುಚ್ಚಿ ಕೂತ್ರೂ ನಂಗೆ ಗೊತ್ತಾಗುತ್ತೆ."

"ಎಲ್ಲಾ ಕೀನೂ ಒಂದೇ ಥರ ಇರುತ್ತಮ್ಮ. ಮಾಡ್ಸೋದೇನ್ ಕಷ್ಟ?" ಅಂದರು ಹೆಡ್ ಕ್ಲರ್ಕ್.

ಪ್ರಿನ್ಸಿಪಾಲರು ನನಗೆ ಒಂದು ಹಾಳೆ ಕೊಟ್ಟು, ಕಂಡದ್ದನ್ನು ಬರೆದು ಸಹಿ ಹಾಕು ಅಂದರು. ನಾನು ನಿಂತೇ ಬರೆದೆ. ಗುರುವಾರ, ನಾಲ್ಕು ಇಪ್ಪತ್ತು, ಮೂರನೆಯ ಕಂಬ. ಆಕೆ ಅತ್ತಿತ್ತ ನೋಡಿ, ತನ್ನದಲ್ಲದ ನಾಲ್ಕನೆಯ ನಂಬರಿನ ಸೈಕಲ್ಲಿನ ಬೀಗ ತೆಗೆದು ಕೊಂಡೊಯ್ದದ್ದನ್ನು ಕಣ್ಣಾರೆ ಕಂಡೆ. ಬರೆಯುತ್ತಿದ್ದಾಗ ಅವಳ ತಂದೆ ನನ್ನ ಬೆರಳನ್ನೇ ನೋಡುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮುಗಿದ ಮೇಲೆ ಅಂದರು: "ಸಾರ್, ನಮಗೆ ಪುಕ್ಕಟೆ ಸೈಕಲ್ ಬ್ಯಾಡ. ತಗೊಂಡ್ಬಿಡಿ. ಹುಡುಗೀನ ಕಳ್ಳಿ ಅಂತ ಮಾತ್ರ ಬರೀಬ್ಯಾಡಿ. ನಾಳೆ ಇಂದ ಅವಳು ಬರಲ್ಲ."

ಅವಳು ತಂದೆಯ ಹಿಂದೆ ಹೊರಟಳು. ಬಾಗಿಲ ಹತ್ತಿರ ನನ್ನ ಕಡೆ ತಿರುಗಿ, ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದಳು: "ಮಂಗಳವಾರ ನಿಮಗೇ ಮೊದ್ಲು ಹೇಳಿದ್ದೆ."

ಆ ಸಂಜೆ ಮನೆಯಲ್ಲಿ ನಾನು ನಡೆದದ್ದನ್ನು ಹೇಳಿದೆ. ಸರಿಯಾದ ಕೆಲಸ ಮಾಡಿದ್ದೇನೆಂದು ಅಪ್ಪ ಹೇಳಲಿ ಎಂಬ ಆಸೆ ಇತ್ತು. ಅಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕುತ್ತಾ ಒಂದೇ ಪ್ರಶ್ನೆ ಕೇಳಿದರು.

"ನಂಬರ ಎಲ್ಲಿ ಬರದಾರ?"

"ಮಡ್‌ಗಾರ್ಡ್ ಮೇಲೆ."

"ಮಡ್‌ಗಾರ್ಡ್ ನಾಕು ನಟ್ ಬಿಚ್ಚಿದ್ರ ಕೈಗೆ ಬರ್ತದ. ಬೀಗ ಎಲ್ಲಿ ಕುಂತದ?"

"ಫ್ರೇಮಿಗೆ."

"ನಿನ್ನ ಎರಡನೇ ಕೀಲಿಕೈ ಎಲ್ಲದ?"

ಅದು ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ, ಜುಲೈಯಲ್ಲಿ ಇಟ್ಟ ಜಾಗದಲ್ಲೇ ಇತ್ತು. ತಂದು ಅಂಗಳದಲ್ಲಿ ನಿಂತಿದ್ದ ಮೂವತ್ತೊಂದನೆಯ ನಂಬರಿಗೆ ಹಾಕಿದೆ. ಒಳಗೆ ಹೋಯಿತು, ತಿರುಗಲಿಲ್ಲ. ಎಣ್ಣೆ ಬಿಟ್ಟು ಮತ್ತೆ ಹಾಕಿದೆ. ತಿರುಗಲಿಲ್ಲ. ಅಪ್ಪ ನನ್ನ ಕೈಯಿಂದ ತೆಗೆದುಕೊಂಡು ತಾವೂ ಒಮ್ಮೆ ಪ್ರಯತ್ನಿಸಿ, ಬೀಗದ ಕೈಯನ್ನು ನನಗೆ ಮರಳಿಸಿದರು.

"ಇದು ನಿಂದಲ್ಲ. ಯಾರದೋ ತಂದೀದಿ. ನಿನ್ನ ಮ್ಯಾಲೆ ಯಾರು ಬರದು ಕೊಟ್ಟಾರ?"

ನಾನು ಸೈಕಲ್ಲಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಆಗ ಮೊದಲ ಸಲ ಆ ಗುರುವಾರವನ್ನು ಮತ್ತೆ ನೋಡಿದೆ. ಅವಳು ಅತ್ತಿತ್ತ ನೋಡಿದ್ದು ನಿಜ. ಕದಿಯುವವರು ಅತ್ತಿತ್ತ ನೋಡುತ್ತಾರೆ. ಕಳೆದದ್ದನ್ನು ಹುಡುಕುವವರೂ ಅತ್ತಿತ್ತ ನೋಡುತ್ತಾರೆ. ಎಂಟು ಹೆಜ್ಜೆ ದೂರದಲ್ಲಿ, ಒಳ್ಳೆಯ ಬೆಳಕಿನಲ್ಲಿ, ಯಾರೂ ಅಡ್ಡ ಇಲ್ಲದೆ ನಿಂತಿದ್ದ ನನಗೆ ಎರಡನೆಯದು ಹೊಳೆಯಲೇ ಇಲ್ಲ.

ಮಂಗಳವಾರ ಬೆಳಿಗ್ಗೆ ಕಾಲೇಜಿಗೆ ಹೋಗದೆ ನೇರವಾಗಿ ಯಲಹಂಕದ ಸೈಕಲ್ ಶಾಪಿಗೆ ಹೋದೆ. ಅಂಗಡಿಯವರು ಹುಣಸಮಾರನಹಳ್ಳಿಯವರು, ನನಗಿಂತ ಆರೇಳು ವರ್ಷ ದೊಡ್ಡವರು. ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದರು.

"ಐವತ್ತೆಂಟ್ ಸೈಕಲ್ಲು ಗುರು, ಒಂದೊಂದೇ ಮಾಡ್ಕಂಡು ಕುಂತ್ರೆ ಯುಗಾದಿ ಆಯ್ತದೆ. ಮಡ್‌ಗಾಡೆಲ್ಲ ಬಿಚ್ಚಿ ಒಂದ್ಕಡೆ ಗುಡ್ಡೆ ಆಕಿದ್ವಿ, ಚೈನೆಲ್ಲ ಸೀಮೆಣ್ಣೇಲಿ. ಆಮ್ಯಾಕೆ ಕೈಗೆ ಸಿಕ್ಕಿದ್ದು ಫಿಟ್ ಮಾಡ್ದೋ. ಲೇಡೀಸ್‌ದು ಲೇಡೀಸ್‌ಗೇ ಆಕಿದೀವಿ, ಅದ್ರಲ್ ಮಾತ್ರ ತೆಪ್ಪಿಲ್ಲ."

"ಅದ್ರ ಮೇಲೆ ನಂಬರ್ ಇತ್ತಲ್ಲ?"

"ನಂಬ್ರು ಎಲ್ಲಾ ಇದ್ವಲ್ಲ, ಒಂದೂ ಕಳದಿಲ್ಲ," ಅಂದರು. ಅವರಿಗೆ ನಿಜವಾಗಿ ಅರ್ಥವಾಗಿರಲಿಲ್ಲ. ನಾನು ವಿವರಿಸಿ ಹೇಳಿದಾಗ ಟ್ಯೂಬು ಕೆಳಗಿಟ್ಟು, ಅಂಗಡಿಗೆ ಬಾಗಿಲು ಹಾಕಿ, ನನ್ನ ಜೊತೆ ಹೊರಟರು. "ಇಂಗೆ ಆಯ್ತು ಅಂತ ನಾನೇ ಯೋಳ್ತೀನಿ ಬಾ" ಅಂದರು. ಅವರು ಬರಬೇಕೆಂದು ನಾನು ಕೇಳಿರಲಿಲ್ಲ.

ಹೆಡ್ ಕ್ಲರ್ಕಿಗೆ ಇದು ಹಿಡಿಸಲಿಲ್ಲ. ನಿನ್ನೆ ಒಂದು, ಇವತ್ತು ಒಂದು ಹೇಳುತ್ತೀಯ, ಯಾರಾದರೂ ನಿನಗೆ ಏನಾದರೂ ಹೇಳಿಕೊಟ್ಟರಾ ಎಂದು ಕೇಳಿದರು. ಈಗ ಸಂಶಯ ನನ್ನ ಮೇಲೆ ತಿರುಗಿತ್ತು. ಅದು ನ್ಯಾಯವೇ ಎಂದು ಅನ್ನಿಸಿತು. ಪ್ರಿನ್ಸಿಪಾಲರು ಮಾತ್ರ ಎದ್ದು ಸ್ಟ್ಯಾಂಡಿಗೆ ಬಂದರು. ಜುಲೈಯಲ್ಲಿ ಸೈಕಲ್ಲು ಬಂದಾಗಿನ ಪಟ್ಟಿಯನ್ನು ತರಿಸಿದರು. ಅದರಲ್ಲಿ ಕಾಲೇಜಿನ ನಂಬರಿನ ಎದುರಿಗೆ ಫ್ರೇಮಿನ ಮೇಲೆ ಕಂಪನಿಯವರು ಕೆತ್ತಿದ ನಂಬರು ಇತ್ತು. ಬಣ್ಣ ಬಳಿಸಿದಾಗ ಕೆತ್ತಿದ್ದೆಲ್ಲ ಹಸಿರಿನಲ್ಲಿ ಮುಚ್ಚಿಹೋಗಿತ್ತು. ಅಂಗಡಿಯವರು ಸೀಟಿನ ಕೆಳಗೆ ಸೀಮೆಣ್ಣೆ ಬಟ್ಟೆ ಹಾಕಿ ಉಜ್ಜಿ, ಚಾಕುವಿನ ತುದಿಯಿಂದ ಕೆರೆದು, ಅಂಕಿಗಳನ್ನು ಒಂದೊಂದಾಗಿ ಓದಿದರು. ಯಲಹಂಕದ ಹುಡುಗಿ ಪಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು.

ನಾಲ್ಕನೆಯ ಮಡ್‌ಗಾರ್ಡು ಹೊತ್ತಿದ್ದ ಫ್ರೇಮು ಪಟ್ಟಿಯಲ್ಲಿ ಏಳನೆಯದು. ಯಲಹಂಕದ ಹುಡುಗಿಯ ಸ್ವಂತ ಸೈಕಲ್ಲು ಒಂಬತ್ತರ ಹೆಸರಿನಲ್ಲಿ ಬೇರೆ ಯಾರನ್ನೋ ಹೊತ್ತು ಓಡಾಡುತ್ತಿತ್ತು. ನನ್ನದು ಹದಿನಾರಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಪ್ರಿನ್ಸಿಪಾಲರು ಸಾಕು ಅಂದರು. ಒಂದು ವಾರದಿಂದ ಹೆಚ್ಚುಕಡಿಮೆ ಇಡೀ ಕಾಲೇಜು ಇನ್ನೊಬ್ಬರ ಸೈಕಲ್ಲನ್ನು ಓಡಿಸುತ್ತಿತ್ತು. ತನ್ನದನ್ನು ತನ್ನದೆಂದು ಗುರುತು ಹಿಡಿದವಳು ಒಬ್ಬಳೇ. ಅವಳ ಮೇಲೆ ನಾವು ಬರೆದುಕೊಟ್ಟಿದ್ದೆವು. ನಾವು ಅಂದೆನಲ್ಲ, ತಪ್ಪು. ನಾನು.

ಯಲಹಂಕದ ಹುಡುಗಿ ಪಟ್ಟಿಯನ್ನು ಮಡಿಚಿ ಪ್ರಿನ್ಸಿಪಾಲರ ಕೈಗೆ ಕೊಟ್ಟು, "ಆರ್.ಟಿ. ನಗರಕ್ಕೆ ನಾನೂ ಬರ್ತೀನಿ" ಅಂದಳು. ನಾಲ್ವರು ಹೋದೆವು. ಪ್ರಿನ್ಸಿಪಾಲರು ಟೈಲರಿಂಗ್ ಅಂಗಡಿಯ ಹಲಗೆಯ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಸೈಕಲ್ ಶಾಪಿನವರು ತಾವು ಮಾಡಿದ್ದನ್ನು ಹೇಳಿದರು. ನನ್ನ ಸರದಿ ಬಂದಾಗ, ನಾನು ಬರೆದದ್ದು ತಪ್ಪು ಅಂದೆ. ಅವಳ ತಂದೆ ಹೊಲಿಗೆ ಮಿಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡೇ ಕೇಳಿದರು.

"ನೀವು ನೋಡಿದ್ದು ಸುಳ್ಳಲ್ಲ ಅಂತೀರಿ. ನಮ್ ಹುಡುಗಿ ಹೇಳಿದ್ದೂ ಸುಳ್ಳಲ್ಲ ಅಂತೀರಿ. ಹಂಗಾದ್ರೆ ಆ ಕಾಗದದಾಗೆ ಇರೋದು ಏನು?"

ಆ ಹಾಳೆಯನ್ನು ಹರಿದು ಹಾಕಿ ಎಂದು ಮರುದಿನ ಹೆಡ್ ಕ್ಲರ್ಕನ್ನು ಕೇಳಿದೆ. ಆಫೀಸಿಗೆ ಒಮ್ಮೆ ಬಂದ ಕಾಗದ ಹೊರಗೆ ಹೋಗುವುದಿಲ್ಲ ಎಂದರು. ಅದರ ಕೆಳಗೇ ಇನ್ನೊಂದು ಬರೆದು ಸಹಿ ಹಾಕಿದೆ. ಎರಡೂ ಒಂದೇ ದಾರದಲ್ಲಿ ಫೈಲಿಗೆ ಸೇರಿದವು.

ಹತ್ತು ದಿನದ ಮೇಲೆ ಅವಳು ಮತ್ತೆ ತರಗತಿಗೆ ಬಂದಳು. ಅವಳ ಸೈಕಲ್ಲಿಗೆ ಏಳನೆಯ ಮಡ್‌ಗಾರ್ಡನ್ನು ಹಾಕಿಸಿ, ಒರೆಸಿ, ಮೊದಲನೆಯ ಜಾಗದಲ್ಲಿ ನಿಲ್ಲಿಸಿದ್ದರು. ಅವಳು ಅದನ್ನು ಮುಟ್ಟಲಿಲ್ಲ. ಬಿ.ಎಸ್ಸಿ. ಮುಗಿಯುವ ತನಕ ಸಿಟಿ ಬಸ್ಸಿನಲ್ಲೇ ಬಂದಳು. ತಡವಾದ ದಿನ ತಂದೆ ಗೇಟಿನ ಹೊರಗೆ ಬಂದು ನಿಂತಿರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಅವಳೊಡನೆ ನಾನು ಮಾತಾಡಲು ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ಅವಳು ಮರ್ಯಾದೆಯಿಂದ ಉತ್ತರ ಕೊಟ್ಟು ಮುಂದೆ ಹೋದಳು. ಆಗಸ್ಟಿನಲ್ಲಿ ಹೋದ ಎರಡು ಸೈಕಲ್ಲು ಸಿಗಲೇ ಇಲ್ಲ. ಅವುಗಳ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಆರ್.ಟಿ. ನಗರ ಅನ್ನುತ್ತಿದ್ದರು. ಮುಂದಿನ ವರ್ಷ ಕಾಲೇಜು ಬಸ್ಸು ನಿಂತಿತು. ಸೈಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ನನ್ನ ಪಕ್ಕ ಕೂರುತ್ತಿದ್ದವನು ಅದನ್ನು ಓದಿ ನನ್ನ ಮುಖ ನೋಡಿದ. ಈ ಬಗ್ಗೆ ನನಗೆ ಇಂದಿಗೂ ಏನೂ ಖಚಿತವಿಲ್ಲ, ಹಾಗಾಗಿ ಏನೂ ಹೇಳುವುದಿಲ್ಲ.

ಪ್ರಿನ್ಸಿಪಾಲರು ತೀರಿಕೊಂಡಿದ್ದಾರೆ. ಹೆಡ್ ಕ್ಲರ್ಕ್ ಇಲ್ಲ. ಟೈಲರ್ ಇಲ್ಲ, ನಮ್ಮಪ್ಪನೂ ಇಲ್ಲ. ಇದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಇನ್ನೂ ಮೂವರಿದ್ದಾರೆ. ಪಟ್ಟಿ ಹಿಡಿದು ನಿಂತಿದ್ದ ನಾಲ್ಕನೆಯ ನಂಬರಿನವರು ಯಲಹಂಕದಲ್ಲೇ ಮಗಳ ಜೊತೆ ಇದ್ದಾರೆ. ಸೈಕಲ್ ಶಾಪಿನವರು ಹುಣಸಮಾರನಹಳ್ಳಿಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ಅಂದು ಫ್ರೇಮಿನ ಮೇಲೆ ಓದಿದ ಕೊನೆಯ ಮೂರು ಅಂಕಿ ಇನ್ನೂ ಬಾಯಲ್ಲಿ ಇವೆ. ಮೂರನೆಯವರು ಆರ್.ಟಿ. ನಗರದಲ್ಲಿ ಅದೇ ಬೀದಿಯಲ್ಲಿ ಇದ್ದಾರೆ, ಶಾಲೆಯಲ್ಲಿ ಗಣಿತದ ಟೀಚರಾಗಿ ನಿವೃತ್ತರಾದವರು. ಆ ಗುರುವಾರ ಅತ್ತಿತ್ತ ನೋಡಿದವರು ಅವರೇ. ಯಾಕೆ ನೋಡಿದರೆಂದು ಅವರನ್ನೇ ಕೇಳಬೇಕು. ನಾನು ಬಲ್ಲದ್ದು ಮೂರನೆಯ ಕಂಬದಿಂದ ಕಂಡಷ್ಟು ಮಾತ್ರ.